ಕಂತಿನ ಲ್ಯಾಪ್‌ಟಾಪು ಮತ್ತು ನಮ್ಮ ಸಂಬಳ
(ಗುಂಡ್ಲುಪೇಟೆಯಲ್ಲಿ ಮಿಲ್ಲು ಕೆಲಸಗಾರರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿಯ ಪ್ರಶ್ನೆ, ಬೋನಸ್ಸಿನ ಪ್ರಶ್ನೆ ನಮ್ಮ ಸಭೆಗಳಲ್ಲಿ ಪ್ರತಿ ಸಲವೂ ಬರುತ್ತವೆ. ಹೋರಾಡಿ ಪಡೆದ ಕೂಲಿ ಮನೆ ಸೇರಿದ ಮೇಲೆ ಯಾವ ದಾರಿಯಲ್ಲಿ ಹೊರಟುಹೋಗುತ್ತದೆ ಎಂಬ ಪ್ರಶ್ನೆ ಅಪರೂಪಕ್ಕೂ ಬರುವುದಿಲ್ಲ. ಇಂದು ಅದನ್ನೇ ಎತ್ತಿಕೊಳ್ಳೋಣ.

ಹೋದ ತಿಂಗಳು ಚಾಮರಾಜನಗರದಲ್ಲಿ ಮಿಲ್ಲು ಕೆಲಸಗಾರರೊಬ್ಬರು ಒಂದು ಕಾಗದ ಹಿಡಿದು ನಮ್ಮಲ್ಲಿಗೆ ಬಂದರು. ಅವರ ಮಗಳು ಬಿ.ಸಿ.ಎ. ತರಗತಿಗೆ ಸೇರಿದ್ದಾಳೆ. ಆ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲಿಗಳು. "ಮೇಷ್ಟ್ರೇ, ಕೂಸು ಲ್ಯಾಪ್‌ಟಾಪ್ ಬೇಕು ಅಂತಾವ್ಳೆ. ತಿಂಗಳಿಗೆ ಐದು ಸಾವಿರದ ಆರುನೂರು ಕಟ್ಟಿದ್ರೆ ಸಾಕಂತೆ. ಸೈನು ಹಾಕ್ಲಾ?" ಎಂದು ಕೇಳಿದರು. ಅವರ ಸಂಬಳ 17,000 ರೂಪಾಯಿ.

ನಾವು ಹಿಂದೆ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು. ಕಾಗದ ತಿರುಗಿಸಿ ಹಿಂಭಾಗದಲ್ಲಿ ಲೆಕ್ಕ ಹಾಕಿದೆವು. ಯಂತ್ರದ ಬೆಲೆ 72,000 ರೂಪಾಯಿ. ಮುಂಗಡ 12,000, ಸಾಲ 60,000. ಬಡ್ಡಿ ಶೇಕಡಾ 12, ಅವಧಿ ಒಂದು ವರ್ಷ. ಬಡ್ಡಿ 7,200 ಆಯಿತು. ಇದರ ಮೇಲೆ ಪ್ರೊಸೆಸಿಂಗ್ ಫೀ ಎಂದು 1,000, ಆ ಫೀಗೆ ಶೇಕಡಾ 18ರ ಜಿ.ಎಸ್.ಟಿ. 180. ಒಟ್ಟು ಕೈಬಿಡುವುದು 80,380 ರೂಪಾಯಿ. ಒಂದು ವರ್ಷ ಕಾಲ ಸಂಬಳದ ಮೂರರಲ್ಲಿ ಒಂದು ಪಾಲು ಕಂತಿಗೇ ಹೋಗುತ್ತದೆ. ಮನೆ ಬಾಡಿಗೆ, ದಿನಸಿ, ಔಷಧಿ ಎಲ್ಲವೂ ಉಳಿದ ಎರಡು ಪಾಲಿನಲ್ಲಿ ನಡೆಯಬೇಕು.

ಶೇಕಡಾ 12 ಎಂದರೆ ಹೆಚ್ಚೇನಲ್ಲ ಎನ್ನುವವರುಂಟು. ಅಲ್ಲಿಯೇ ಮೋಸವಿರುವುದು. ಮೊದಲ ತಿಂಗಳು ನಾವು 60,000ದ ಸಾಲಗಾರರು. ಆರು ತಿಂಗಳು ಕಟ್ಟಿದ ಮೇಲೆ ಉಳಿದಿರುವುದು ಸುಮಾರು ಅರ್ಧ. ಕೊನೆಯ ತಿಂಗಳು ಉಳಿದಿರುವುದು ಒಂದೇ ಕಂತು. ಆದರೆ ಬಡ್ಡಿಯನ್ನು ಮಾತ್ರ ಹನ್ನೆರಡು ತಿಂಗಳೂ 60,000ಕ್ಕೇ ಹಾಕಿರುತ್ತಾರೆ. ಇದಕ್ಕೆ ಫ್ಲಾಟ್ ಬಡ್ಡಿ ಎಂದು ಹೆಸರು. ಉಳಿದ ಸಾಲಕ್ಕೆ ಮಾತ್ರ ಬಡ್ಡಿ ಹಾಕುವ ಕ್ರಮದಲ್ಲಿ ನೋಡಿದರೆ ಇದು ಶೇಕಡಾ 12 ಅಲ್ಲ. ಇಪ್ಪತ್ತೊಂದೂವರೆಯ ಹತ್ತಿರ ಬರುತ್ತದೆ. ಫೀ ಸೇರಿಸಿದರೆ ಇನ್ನೂ ಹೆಚ್ಚು.

ಮತ್ತೊಂದು ಬಗೆಯುಂಟು. 'ಬಡ್ಡಿಯೇ ಇಲ್ಲದ ಕಂತು' ಎಂದು ಬೋರ್ಡು ತೂಗುಹಾಕಿರುತ್ತಾರೆ. ದುಡ್ಡನ್ನು ಪುಕ್ಕಟೆ ಕೊಡುವ ಧರ್ಮಛತ್ರವನ್ನು ಯಾವ ಸಾಹುಕಾರನೂ ಇಟ್ಟಿಲ್ಲ. 2013ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಬರೆದ ಸುತ್ತೋಲೆಯಲ್ಲಿ ಇದನ್ನೇ ಎತ್ತಿ ಹೇಳಿತು: ಸೊನ್ನೆ ಬಡ್ಡಿಯ ಕಂತುಗಳಲ್ಲಿ ಬಡ್ಡಿಯನ್ನು ಪ್ರೊಸೆಸಿಂಗ್ ಫೀಯ ವೇಷದಲ್ಲಿ ಗಿರಾಕಿಯಿಂದ ತೆಗೆದುಕೊಳ್ಳಲಾಗುತ್ತದೆ ಎಂದು. ಆದಕಾರಣ ಅಂಗಡಿಯಲ್ಲಿ ಮೊದಲು ಕೇಳಬೇಕಾದ ಮಾತು, "ರೊಕ್ಕ ಕೊಟ್ಟರೆ ಎಷ್ಟಕ್ಕೆ ಕೊಡುತ್ತೀರಿ?" ಎಂಬುದು. ರೊಕ್ಕದ ಬೆಲೆಗೂ ಕಂತಿನ ಬೆಲೆಗೂ ವ್ಯತ್ಯಾಸ ಬಂದರೆ, ಆ ವ್ಯತ್ಯಾಸವೇ ಬಡ್ಡಿ.

ನಾವು ಇದನ್ನು ಕಟ್ಟೆಯ ಮೇಲೆ ಕುಳಿತು ಉಪದೇಶ ಮಾಡುತ್ತಿಲ್ಲ. ಮೇಷ್ಟ್ರ ಕೆಲಸದಲ್ಲಿದ್ದಾಗ ನಾವೂ ಕಂತಿನಲ್ಲಿ ಒಂದು ಮೋಟಾರ್ ಸೈಕಲ್ ತಂದೆವು. ಒಂದು ತಿಂಗಳು ಸಂಬಳ ತಡವಾಯಿತು. ಖಾತೆಯಲ್ಲಿ ಹಣವಿಲ್ಲದೆ ಕಂತು ಹಿಂದಿರುಗಿತು. ಸಾಲ ಕೊಟ್ಟವರು ಒಂದು ದಂಡ ಹಾಕಿದರು, ಬ್ಯಾಂಕಿನವರು ಮತ್ತೊಂದು ದಂಡ ಹಾಕಿದರು. ಲೆಕ್ಕ ಬಲ್ಲವರೆಂಬ ಹೆಮ್ಮೆ ನಮಗಿತ್ತು. ಆ ಕಾಗದವನ್ನು ಮಾತ್ರ ನಾವು ಓದಿರಲಿಲ್ಲ.

ಇದು ಒಂದು ಮನೆಯ ಮಾತಲ್ಲ. 2025ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಮೈಕ್ರೋ ಫೈನಾನ್ಸಿನವರ ಕಾಟ ತಾಳಲಾರದೆ ಎಷ್ಟೋ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟದ್ದನ್ನು ತಾವೆಲ್ಲ ಬಲ್ಲಿರಿ. ಮರುತಿಂಗಳೇ ರಾಜ್ಯ ಸರ್ಕಾರ ಬಲಾತ್ಕಾರದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎಂಬ ಸುಗ್ರೀವಾಜ್ಞೆ ತರಬೇಕಾಯಿತು. ಆ ಕುಟುಂಬಗಳು ಒಂದೇ ದಿನದಲ್ಲಿ ಮುಳುಗಲಿಲ್ಲ. ಒಂದು ಕಂತು ತೀರಿಸಲು ಇನ್ನೊಂದು ಸಾಲ, ಅದನ್ನು ತೀರಿಸಲು ಮಗದೊಂದು. ಹೀಗೆ ನೀರು ಕುತ್ತಿಗೆಗೆ ಬಂತು.

ಹಾಗಾದರೆ ಬಡವರ ಮಕ್ಕಳಿಗೆ ಲ್ಯಾಪ್‌ಟಾಪು ಬೇಡವೇ? "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದು ಹೇಳಿ ಕಳುಹಿಸೋಣವೇ? ಈ ಗಾದೆಯನ್ನು ಹೊಟ್ಟೆ ತುಂಬಿದವರು ಹಸಿದವರಿಗೆ ಹೇಳುವುದೇ ಹೆಚ್ಚು. ಬೆಳೆಯುವ ಮಗುವಿನ ಕಾಲು ಬೆಳೆಯುತ್ತದೆ. 2020ರಲ್ಲಿ ಶಾಲೆ ಕಾಲೇಜು ಮುಚ್ಚಿ ಪಾಠವೆಲ್ಲ ಫೋನಿಗೆ ಬಂದಾಗ, ಯಂತ್ರವಿಲ್ಲದ ಮನೆಯ ಮಕ್ಕಳು ಎಷ್ಟು ಹಿಂದೆ ಬಿದ್ದರೆಂಬುದನ್ನು ಕಣ್ಣಾರೆ ಕಂಡಿದ್ದೇವೆ. ಯಂತ್ರ ಬೇಕು. ಯಾವ ಯಂತ್ರ, ಯಾರ ಸಾಲ ಎಂಬುದೇ ಪ್ರಶ್ನೆ.

ಇಲ್ಲಿ ವ್ಯಾಪಾರಿ ಮಿತ್ರರಿಂದ ನಾವು ಕಲಿಯಬೇಕು. ತೆರಕಣಾಂಬಿಯ ಮಾರುಕಟ್ಟೆಯಲ್ಲಿ ತರಕಾರಿ ಎತ್ತುವವರು ಬೆಳಿಗ್ಗೆ ಸಾಲ ತಂದು ಸಂಜೆಗೆ ತೀರಿಸುತ್ತಾರೆ. ಮಾಲು ಮಾರಿದ ಹಣವೇ ಸಾಲವನ್ನು ಹೊರುತ್ತದೆ. ತಾಲ್ಲೂಕು ಕಚೇರಿಯ ಬಳಿ ಅರ್ಜಿ ತುಂಬಿ, ಜೆರಾಕ್ಸ್ ತೆಗೆದು ಬದುಕುವ ಹುಡುಗನಿಗೆ ಲ್ಯಾಪ್‌ಟಾಪು ದುಡಿಯುವ ಎತ್ತು. ವಿದ್ಯಾರ್ಥಿಯ ಯಂತ್ರ ಹಾಗಲ್ಲ. ಅದು ಕಂತಿನ ಕಾಲದಲ್ಲಿ ಕಾಸು ತರುವುದಿಲ್ಲ. ಅಂಗಡಿಯ ಹೊಸ್ತಿಲು ದಾಟಿದ ದಿನವೇ ಅದರ ಬೆಲೆ ಇಳಿಯುತ್ತದೆ. ಆದಕಾರಣ ಅದರ ಸಾಲ ಚಿಕ್ಕದಾಗಿರಬೇಕು, ಇಲ್ಲವೇ ಓದು ಮುಗಿದ ಮೇಲೆ ತೀರಿಸುವಂತಿರಬೇಕು.

ಎರಡಕ್ಕೂ ದಾರಿಯಿದೆ. ದುಬಾರಿ ಯಂತ್ರಗಳಲ್ಲಿ ಹೆಚ್ಚಿನ ಬೆಲೆ ಬಹುಮಟ್ಟಿಗೆ ಆಟಕ್ಕೆ, ಸಿನಿಮಾ ಕೆಲಸಕ್ಕೆ ಬೇಕಾದ ಭಾಗಗಳದು. ಪ್ರೋಗ್ರಾಂ ಬರೆಯಲು, ಲೆಕ್ಕಪತ್ರ ಕಲಿಯಲು 8 ಜಿ.ಬಿ. ರ‍್ಯಾಮ್, ಎಸ್.ಎಸ್.ಡಿ. ಇರುವ ಸಾಧಾರಣ ಯಂತ್ರ ಸಾಕು. ಕಂಪನಿಗಳು ಬಳಸಿ ಬಿಟ್ಟದ್ದನ್ನು ರಿಪೇರಿ ಮಾಡಿ ಮಾರುವ ಅಂಗಡಿಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಾಲಾಗಿವೆ. ಬಿಲ್ಲು ಮತ್ತು ವಾರಂಟಿ ಬರೆಸಿಕೊಳ್ಳಬೇಕು, ಬ್ಯಾಟರಿ ನೋಡಬೇಕು. ಲಿನಕ್ಸ್, ಲಿಬ್ರೆ ಆಫೀಸ್ ಮುಂತಾದವಕ್ಕೆ ಕಾಸು ಕೊಡಬೇಕಾಗಿಲ್ಲ.

ಬ್ಯಾಂಕಿನ ಶಿಕ್ಷಣ ಸಾಲದಲ್ಲಿ ಶುಲ್ಕ ಮಾತ್ರವಲ್ಲ, ಓದಿಗೆ ಅಗತ್ಯವಾದ ಕಂಪ್ಯೂಟರಿನ ಬೆಲೆಯನ್ನೂ ಸೇರಿಸಿ ಕೇಳಬಹುದು. 4 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ. ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷವಾದ ಮೇಲೆ ಕಂತು ಆರಂಭವಾಗುತ್ತದೆ. ಅದಕ್ಕೂ ಬಡ್ಡಿ ಇದೆ, ಓದುವ ಕಾಲದಲ್ಲೂ ಅದು ಬೆಳೆಯುತ್ತದೆ ಎಂಬುದನ್ನು ಮರೆಯಬಾರದು. ಆದರೆ ಅಪ್ಪನ ತಿಂಗಳ ಅನ್ನಕ್ಕೆ ಅದು ಕೈಹಾಕುವುದಿಲ್ಲ.

ಎಲ್ಲಿ ಸಾಲ ತೆಗೆದರೂ 'ಸಾಲದ ಮುಖ್ಯಾಂಶಗಳ ಪತ್ರ' ಕೇಳಿ. ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ 2024ರ ಅಕ್ಟೋಬರ್ 1ರಿಂದ ಜನಸಾಮಾನ್ಯರ ಹೊಸ ಸಾಲಗಳಿಗೆ ಅದನ್ನು ಕೊಡಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಅದು ಇರಬೇಕು. ಎಲ್ಲ ಫೀಗಳನ್ನೂ ಸೇರಿಸಿದ ನಿಜವಾದ ವಾರ್ಷಿಕ ದರ, ಎ.ಪಿ.ಆರ್. ಎಂಬುದು, ಅದರಲ್ಲಿರಬೇಕು. ಕನ್ನಡದಲ್ಲಿ ಕೊಡಿ ಎಂದು ಕೇಳುವುದು ದೈನ್ಯವಲ್ಲ, ಹಕ್ಕು.

ಆ ಮಿತ್ರರ ಕಥೆ ಏನಾಯಿತೆಂದು ಕೇಳುತ್ತೀರಿ. ಮನೆಯಾಕೆಯೂ ಮಗಳೂ ಕೂತು ಯೋಚಿಸಿದರು. 26,000 ರೂಪಾಯಿಗೆ ರಿಪೇರಿಯಾದ ಯಂತ್ರ ತಂದರು. ಮುಂಗಡಕ್ಕೆಂದು ಇಟ್ಟಿದ್ದ 12,000 ಕೈಯಲ್ಲಿತ್ತು. ಉಳಿದ 14,000ವನ್ನು ಮನೆಯಾಕೆ ತನ್ನ ಸ್ವಸಹಾಯ ಸಂಘದಲ್ಲಿ ತೆಗೆದರು. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ, ಉಳಿದ ಸಾಲಕ್ಕೆ ಮಾತ್ರ, ಹತ್ತು ಕಂತು. ಒಟ್ಟು ಬಡ್ಡಿ 770 ರೂಪಾಯಿ. ಇದೇ ಒಂದು ರೂಪಾಯಿಯನ್ನು ಫ್ಲಾಟ್ ಲೆಕ್ಕದಲ್ಲಿ ಹಾಕಿದ್ದರೆ 1,400 ಆಗುತ್ತಿತ್ತು. ಹುಡುಗಿಗೆ ಮೊದಲು ಬೇಸರವಾಯಿತು. ಗೆಳತಿಯರದೆಲ್ಲ ಹೊಸದು ಎಂದಳು. ಆ ಬೇಸರವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಬಡತನ ಮಕ್ಕಳಿಗೆ ಮೊದಲು ಚುಚ್ಚುವುದು ಅಲ್ಲಿಯೇ.

ಆದ್ದರಿಂದ ಕೊನೆಯ ಮಾತು. ಹುಷಾರಾಗಿ ಕೊಳ್ಳುವುದರಿಂದ ಒಂದು ಮನೆ ಉಳಿದೀತು, ಎಲ್ಲ ಮಕ್ಕಳೂ ಉಳಿಯಲಾರರು. ಕಾಲೇಜಿನ ಕಂಪ್ಯೂಟರ್ ಕೊಠಡಿಗೆ ನಾಲ್ಕು ಗಂಟೆಗೆ ಬೀಗ ಬೀಳುವುದೇಕೆ? ರಾತ್ರಿ ಎಂಟರವರೆಗೆ ತೆರೆದಿಡಿ ಎಂದು ಗುಂಡ್ಲುಪೇಟೆಯಲ್ಲೂ ಚಾಮರಾಜನಗರದಲ್ಲೂ ಪೋಷಕರು ಸೇರಿ ಕೇಳೋಣ. ಅಲ್ಲಿಯವರೆಗೆ ಒಂದು ಕಟ್ಟುಪಾಡು ಮಾಡಿಕೊಳ್ಳೋಣ: ಯಾವ ಕಂತಿನ ಕಾಗದಕ್ಕೂ ಅದೇ ದಿನ ಸಹಿ ಹಾಕುವುದಿಲ್ಲ. ಒಂದು ರಾತ್ರಿ ಮನೆಯಲ್ಲಿಟ್ಟು, ಮರುದಿನ ಓದಬಲ್ಲ ಇನ್ನೊಬ್ಬರೊಡನೆ ಕೂತು ಓದಿಯೇ ಸಹಿ ಹಾಕುತ್ತೇವೆ. ಭಾನುವಾರ ಬೆಳಿಗ್ಗೆ ನಾವು ಕಚೇರಿಯಲ್ಲಿರುತ್ತೇವೆ. ಕಾಗದ ತನ್ನಿ, ಲೆಕ್ಕ ಹಾಕೋಣ.