ವಿದ್ಯುತ್ ತಂತಿಯ ದೋಷವನ್ನು ಕಂಡುಹಿಡಿಯುವ ಬಗೆ



1902ನೆಯ ಇಸವಿಯ ಜೂನ್ ತಿಂಗಳಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು ತಂತಿಯ ಮಾರ್ಗವಾಗಿ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತೆಂಬುದು ತಮಗೆ ತಿಳಿದ ವಿಷಯವೇ. ಇಷ್ಟುದ್ದದ ಮಾರ್ಗದಲ್ಲಿ ಮಳೆಯ ರಾತ್ರಿಯೊಂದರಲ್ಲಿ ಎಲ್ಲಿಯೋ ತಂತಿ ಹರಿದರೆ, ಅಥವಾ ತಂತಿಯನ್ನು ಹೊತ್ತ ಪಿಂಗಾಣಿಯ ಬಟ್ಟಲು ಸೀಳಿದರೆ, ಆ ಸ್ಥಳವನ್ನು ಅರಿಯುವುದೆಂತು?

ಕಾಲ್ನಡಿಗೆಯಲ್ಲಿ ಕಂಬದಿಂದ ಕಂಬಕ್ಕೆ ನೋಡುತ್ತ ಹೋಗುವುದೇ ಮೊದಲಿನ ಉಪಾಯ. ಹರಿದ ತಂತಿಯಾದರೆ ಸರಿ. ಪಿಂಗಾಣಿಯ ಕೂದಲೆಳೆಯಷ್ಟು ಸೀಳು ನೆಲದಲ್ಲಿ ನಿಂತವನ ಕಣ್ಣಿಗೆ ಬೀಳುವುದು ದುರ್ಲಭ.

ಎರಡನೆಯದು ಅಳತೆಯ ಉಪಾಯ. ಎಷ್ಟು ಹಗ್ಗ ಇಳಿಯಿತೆಂಬುದರಿಂದ ಬಾವಿಯ ಆಳವನ್ನು ತಿಳಿಯುವಂತೆ, ದೋಷದ ಸಮಯದಲ್ಲಿನ ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿ ಬಂದ ಪ್ರತಿರೋಧದಿಂದ ದೂರವನ್ನು ಲೆಕ್ಕಹಾಕುವರು. ಆದರೆ ಮರದ ಕೊಂಬೆಯೊಂದು ತಂತಿಗೆ ತಗುಲಿದ್ದರೆ ಕೊಂಬೆಯ ಪ್ರತಿರೋಧವೂ ಲೆಕ್ಕದೊಳಗೆ ಸೇರಿ, ದೂರವು ತಪ್ಪಾಗಿ ಬರುವುದುಂಟು.

ಮೂರನೆಯ ಉಪಾಯವೇ ನನಗೆ ಅತ್ಯಂತ ಸೊಗಸಾಗಿ ತೋರುವುದು. ಕೆರೆಗೆ ಕಲ್ಲೆಸೆದರೆ ಅಲೆಗಳೇಳುವಂತೆ, ದೋಷವುಂಟಾದ ಕ್ಷಣದಲ್ಲಿಯೇ ವಿದ್ಯುತ್ತಿನ ಅಲೆಗಳು ಎರಡು ದಿಕ್ಕಿಗೂ ಹೊರಡುತ್ತವೆ. ಇವುಗಳ ವೇಗವು ಹೆಚ್ಚುಕಡಿಮೆ ಬೆಳಕಿನದೇ. ಸೆಕೆಂಡಿನ ಹತ್ತುಲಕ್ಷದಲ್ಲೊಂದು ಪಾಲಿನಲ್ಲಿ 300 ಮೀಟರು. ಎರಡು ತುದಿಗಳಲ್ಲಿಯೂ ಕೃತಕ ಉಪಗ್ರಹಗಳ ಸಂಕೇತದಿಂದ ಸರಿಹೊಂದಿಸಿದ ಗಡಿಯಾರಗಳಿರುತ್ತವೆ. ಮೇಲೆ ಹೇಳಿದ ಉದ್ದದ ಮಾರ್ಗದಲ್ಲಿ ಶಿವನಸಮುದ್ರದ ಕಡೆಗೆ ಅಲೆಯು ಅಂತಹ 100 ಪಾಲುಗಳಷ್ಟು ಮುಂಚಿತವಾಗಿ ಬಂದಿತೆನ್ನೋಣ. ಆ ಅವಧಿಯಲ್ಲಿ ಅಲೆ ನಡೆಯುವ ದೂರ 30 ಕಿಲೋಮೀಟರು. 147ರಲ್ಲಿ 30ನ್ನು ಕಳೆದು ಅರ್ಧಮಾಡಿದರೆ 58.5, ಶಿವನಸಮುದ್ರದಿಂದ ಅಷ್ಟು ಕಿಲೋಮೀಟರಿನಲ್ಲಿ ದೋಷವಿದೆ. ಗಡಿಯಾರವು ಒಂದು ಪಾಲು ತಪ್ಪಿದರೂ ಸ್ಥಳವು ತಪ್ಪುವುದು 150 ಮೀಟರು ಮಾತ್ರ.

ಸಿಡಿಲಿನಿಂದಾಗುವ ದೋಷಗಳು ಬಹುಮಟ್ಟಿಗೆ ಕ್ಷಣಿಕವಾದವು. ಪ್ರವಾಹವನ್ನು ಒಮ್ಮೆ ಕಡಿದು ಮತ್ತೆ ಕೂಡಿಸಿದರೆ ಮಾರ್ಗವು ಎಂದಿನಂತೆ ನಡೆಯುವುದು. ಮನೆಯ ದೀಪವು ಕಣ್ಣುಮಿಟುಕಿಸಿದ್ದಷ್ಟೇ ನಮಗೆ ತಿಳಿಯುತ್ತದೆ.

ಆದರೆ ಈ ಯಂತ್ರಗಳನ್ನೆಲ್ಲ ವಂಚಿಸುವ ದೋಷವೊಂದುಂಟು. ತಂತಿಯು ಹರಿದು ಒಣಮರಳಿನ ಮೇಲೋ ಕಲ್ಲುನೆಲದ ಮೇಲೋ ಬಿದ್ದಾಗ ಭೂಮಿಗೆ ಹರಿಯುವ ಪ್ರವಾಹವು ಅತ್ಯಲ್ಪವಾಗಿರಬಹುದು. ಊರೂರಿಗೆ ಶಕ್ತಿಯನ್ನು ಹಂಚುವ ತಂತಿಗಳಲ್ಲಿ ಇದು ವಿಶೇಷ. ಯಂತ್ರವು ಅದನ್ನು ಯಾವುದೋ ದೀಪವೋ ಪಂಪೋ ಉರಿಯುತ್ತಿದೆಯೆಂದು ಬಗೆದು ಸುಮ್ಮನಿರುತ್ತದೆ. ತಂತಿ ಮಾತ್ರ ಜೀವಂತವಾಗಿಯೇ ಬಿದ್ದಿರುತ್ತದೆ. ಬೆಳಗಿನ ಜಾವ ದನಗಳನ್ನು ಹೊಡೆದುಕೊಂಡು ಹೊಲಕ್ಕೆ ಹೋಗುವ ರೈತನೇ ಅದನ್ನು ಮೊದಲು ಕಾಣುವವನು. ಅದು ಕಿಡಿ ಹಾರಿಸುತ್ತಿಲ್ಲವೆಂದು ಆತನು ಹತ್ತಿರ ಹೋಗಕೂಡದು, ಕೋಲಿನಿಂದ ಸರಿಸಲೂ ಕೂಡದು. ದನಗಳನ್ನು ದೂರ ಅಟ್ಟಿ, ಒಬ್ಬರನ್ನು ದೂರದಲ್ಲಿ ಕಾವಲಿಟ್ಟು, ವಿದ್ಯುತ್ ಇಲಾಖೆಯವರಿಗೆ ಸುದ್ದಿ ಮುಟ್ಟಿಸಬೇಕು.