ನೀರಿನ ಮೇಲೆ ಹಾಕಿದ ಕೇಸು

ಇವತ್ತು ರಾಜಕೀಯ ಬೇಡ. ಅದೇ ಕುರ್ಚಿ, ಅದೇ ಜಗಳ, ನಿಮಗೂ ಸಾಕಾಗಿದೆ, ನನಗೂ ಸಾಕಾಗಿದೆ. ಇವತ್ತು ಕೂದಲಿನ ವಿಷಯ ಮಾತಾಡೋಣ. ನಗಬೇಡಿ. ಇಪ್ಪತ್ತೆರಡು ವರ್ಷದ ಹುಡುಗ ಬೆಳಗ್ಗೆ ಎದ್ದು ದಿಂಬಿನ ಮೇಲೆ ಬಿದ್ದ ಕೂದಲು ಎಣಿಸ್ತಾನಲ್ಲ, ಅವನಿಗೆ ಇದು ಬಜೆಟ್‌ಗಿಂತ ದೊಡ್ಡ ಸುದ್ದಿ.

ನಮ್ಮ ಆರೋಗ್ಯ ಕಾರ್ಯಕ್ರಮಕ್ಕೆ ಬರೋ ವಾಟ್ಸಾಪ್ ಮೆಸೇಜುಗಳನ್ನ ಕಳೆದ ವಾರ ಓದ್ತಾ ಕೂತಿದ್ದೆ. ಶುಗರ್, ಬಿಪಿ, ಮಂಡಿನೋವು ಎಲ್ಲ ಇದ್ದದ್ದೇ. ಆದರೆ ವಯಸ್ಸು 30ರ ಒಳಗೆ ಅಂತ ಬರೆದವರ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಸರ್, ಊರಲ್ಲಿದ್ದಾಗ ಕೂದಲು ಚೆನ್ನಾಗಿತ್ತು. ಬೆಂಗಳೂರಿಗೆ ಬಂದ ಮೇಲೆ ಉದುರೋಕೆ ಶುರುವಾಯ್ತು. ಬೋರ್‌ವೆಲ್ ನೀರಿಂದ ತಾನೇ?" ನೋಡಿ, ಅವರು ಕೇಳ್ತಿರೋದು ಪ್ರಶ್ನೆ ಅಲ್ಲ. ತೀರ್ಪು ಬರೆದಾಗಿದೆ, ನಾವು ಸಹಿ ಹಾಕಬೇಕು ಅಷ್ಟೇ.

ಈ ಕೇಸನ್ನ ನಾನೂ ಹಾಕಿದ್ದೆ. ಎಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನಲ್ಲಿ ಬೋರ್ ನೀರು. ಸೋಪು ಉಜ್ಜಿದರೆ ನೊರೆ ಬರ್ತಿರಲಿಲ್ಲ. ಹೀಟರ್ ಕಾಯಿಲ್ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪದರ. ಮೂರನೇ ವರ್ಷಕ್ಕೆ ಬರುವಾಗ ನನ್ನ ಹಣೆಯ ಎರಡೂ ಮೂಲೆ ಹಿಂದಕ್ಕೆ ಸರಿಯೋಕೆ ಶುರು. ಕಾಯಿಲ್‌ಗೇ ಹಿಂಗೆ ಮಾಡೋ ನೀರು ತಲೆಗೆ ಏನು ಮಾಡಲ್ಲ ಅಂತ ಲೆಕ್ಕ ಹಾಕಿ, 20 ಲೀಟರ್ ಕ್ಯಾನ್ ನೀರು ತರಿಸಿ ತಲೆಸ್ನಾನ ಮಾಡಿದವನು ನಾನು. ಮೆಸ್ ಬಿಲ್‌ಗೆ ಅಂತ ಮನೆಯಿಂದ ಬಂದ ದುಡ್ಡು ಅದು. ಅಪ್ಪನಿಗೆ ಇವತ್ತಿನವರೆಗೂ ಗೊತ್ತಿಲ್ಲ, ಈಗ ಗೊತ್ತಾಗುತ್ತೆ.

ಮೂರು ವರ್ಷ ಹಾಗೇ ಹೋಯ್ತು. ಎಂಜಿನಿಯರಿಂಗ್ ಓದಿದವನು ಕೇಳಬೇಕಿದ್ದ ಮೊದಲ ಪ್ರಶ್ನೆಯನ್ನೇ ನಾನು ಕೇಳಿರಲಿಲ್ಲ. ರೂಮಿನಲ್ಲಿ ನಾಲ್ಕು ಜನ. ಅದೇ ಟ್ಯಾಂಕ್, ಅದೇ ಬಕೆಟ್, ಎಷ್ಟೋ ದಿನ ಅದೇ ಶಾಂಪೂ. ಮೂವರ ತಲೆಯಲ್ಲಿ ಕಾಡು, ನನ್ನ ತಲೆಯಲ್ಲಿ ಮಾತ್ರ ಹೈವೇ ಕಾಮಗಾರಿ. ಅದೂ ಎಲ್ಲಿ? ಹಣೆ ಮೂಲೆಯಲ್ಲಿ, ನೆತ್ತಿಯಲ್ಲಿ. ಹಿಂಭಾಗ, ಕಿವಿ ಮೇಲಿನ ಭಾಗ ದಟ್ಟವಾಗೇ ಇತ್ತು. ಅಲ್ಲಾ ಸ್ವಾಮಿ, ತಲೆ ಮೇಲೆ ಹುಯ್ಕೊಂಡ ನೀರು ಹಿಂದಕ್ಕೂ ಹರಿಯುತ್ತಲ್ವಾ? ನನಗೆ ನೆತ್ತಿ ಮಾತ್ರ ಬೇಕು ಅಂತ ನೀರು ಹಠ ಹಿಡಿಯುತ್ತಾ?

ಇನ್ನೊಂದು ವಿಷಯ ನಮ್ಮ ಲೆಕ್ಕಕ್ಕೆ ಬರೋದೇ ಇಲ್ಲ. ನಮ್ಮ ಹುಡುಗರು ಊರು ಬಿಟ್ಟು ಬೆಂಗಳೂರಿಗೋ ಪುಣೆಗೋ ಹೈದರಾಬಾದಿಗೋ ಹೋಗೋದು ಯಾವ ವಯಸ್ಸಿನಲ್ಲಿ? 20, 21, 22. ಗಂಡಸರ ಆನುವಂಶಿಕ ಕೂದಲು ಉದುರುವಿಕೆ ಬಹಳ ಜನರಲ್ಲಿ ಕಣ್ಣಿಗೆ ಬೀಳೋದೂ ಅದೇ ವಯಸ್ಸಿನಲ್ಲಿ. ಎರಡೂ ಒಂದೇ ಬಸ್ಸಿನಲ್ಲಿ ಬಂದಿಳಿದವು ಅಂತ ಒಂದು ಇನ್ನೊಂದರ ಅಪ್ಪ ಆಗಲ್ಲ.

ಹಾಗಂತ ಗಡಸು ನೀರು ನಿರಪರಾಧಿ ಅಂತ ಪೂರ್ತಿ ಬಿಡುಗಡೆ ಮಾಡೋಕೂ ಆಗಲ್ಲ. ಗಡಸುತನ ಅಂದ್ರೆ ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು. ಕುಡಿಯುವ ನೀರಿಗೆ ನಮ್ಮ ಭಾರತೀಯ ಮಾನಕ ಹೇಳೋದು ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ. ಅದು ಜಾಸ್ತಿ ಇದ್ದರೆ ಕೂದಲು ಒರಟಾಗುತ್ತೆ, ಸಿಕ್ಕಾಗುತ್ತೆ, ಬಾಚುವಾಗ ತುಂಡಾಗುತ್ತೆ. ಆದರೆ ಚರ್ಮದಿಂದ ಹೊರಗೆ ಬಂದ ಕೂದಲು ಸತ್ತ ವಸ್ತು, ಉಗುರಿನ ಹಾಗೆ. ನೀರಿನ ಆಟ ಆ ಎಳೆಯ ಮೇಲೆ. ಕೂದಲು ಹುಟ್ಟೋ ಬೇರು ಚರ್ಮದ ಒಳಗಿದೆ. ಮನೆಯಲ್ಲೇ ನೋಡಬಹುದು. ಬಿದ್ದ ಕೂದಲನ್ನ ಬೆಳಕಿಗೆ ಹಿಡೀರಿ. ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಗಂಟಿದ್ದರೆ ಅದು ಬುಡದಿಂದ ಬಂದದ್ದು. ಗಂಟಿಲ್ಲದ ಗಿಡ್ಡ ತುಂಡು ಆದರೆ ಮಧ್ಯದಲ್ಲಿ ಮುರಿದದ್ದು. ಮೊದಲನೆಯದಕ್ಕೆ ಕಾರಣ ಶವರ್ ಫಿಲ್ಟರ್‌ನಲ್ಲಿ ಸಿಗಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ಬಂದು ಎಲ್ಲೆಲ್ಲೂ ಟ್ಯಾಂಕರ್ ಓಡಾಡುವಾಗ ಎಷ್ಟೋ ಫ್ಲ್ಯಾಟುಗಳಲ್ಲಿ ಟಿಡಿಎಸ್ ಪೆನ್ನು ಹಿಡಿದು ಓಡಾಡ್ತಿದ್ರು. ಆ ಪೆನ್ನು ನೀರಲ್ಲಿ ಕರಗಿರೋದನ್ನೆಲ್ಲ ಸೇರಿಸಿ ಒಂದು ಅಂದಾಜು ಕೊಡುತ್ತೆ, ಗಡಸುತನವನ್ನ ಬೇರೆ ಮಾಡಿ ಹೇಳಲ್ಲ. ಎಂಜಿನಿಯರ್‌ಗಳಿಗೇ ಈ ಮಾತು ಹೇಳಬೇಕಾಯ್ತು, ಇರಲಿ.

ನೀರನ್ನ ಮೊದಲು ಹಿಡಿಯೋ ಅಭ್ಯಾಸ ನಮ್ಮೊಬ್ಬರದ್ದೇ ಅಲ್ಲ. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆ ನೆನಪಿದೆಯಾ? 2024ರ ಡಿಸೆಂಬರ್ ಕೊನೆ, 2025ರ ಜನವರಿ. ಶೇಗಾಂವ್ ತಾಲೂಕಿನ ಹಳ್ಳಿಗಳಲ್ಲಿ ಜನರಿಗೆ ದಿನಗಳೊಳಗೆ ತಲೆ ಬೋಳಾಯ್ತು. ಕೈಯಲ್ಲಿ ಎಳೆದರೆ ಕೂದಲು ಕೈಗೇ ಬರ್ತಿತ್ತು. ಹೆಂಗಸರು, ಕಾಲೇಜು ಹುಡುಗಿಯರು, ಮಕ್ಕಳು. ಎಲ್ಲ ಚಾನೆಲ್‌ಗಳೂ, ನಮ್ಮದೂ ಸೇರಿ, ಮೊದಲ ದಿನ ತೋರಿಸಿದ್ದು ಬೋರ್‌ವೆಲ್ ಕೈಪಂಪು. ನೀರಿನ ಸ್ಯಾಂಪಲ್ ಹೋಯ್ತು, ಫಂಗಸ್ ಇರಬಹುದು ಅಂದ್ರು, ಐಸಿಎಂಆರ್ ತಂಡ ಬಂತು. ಆಮೇಲೆ ಡಾಕ್ಟರ್ ಹಿಮ್ಮತ್‌ರಾವ್ ಬಾವಸ್ಕರ್, ಚೇಳಿನ ವಿಷಕ್ಕೆ ಚಿಕಿತ್ಸೆ ಕಂಡುಹಿಡಿಯಲು ದುಡಿದ ಪದ್ಮಶ್ರೀ ವೈದ್ಯರು, ಹಳ್ಳಿಗಳಿಗೆ ಹೋಗಿ ಬಂದು ಹೇಳಿದ್ದು ಬೇರೆ: ರೇಷನ್ ಗೋಧಿಯಲ್ಲಿ ಸೆಲೆನಿಯಂ ಅತಿಯಾಗಿದೆ, ಜನರ ರಕ್ತದಲ್ಲೂ ಇದೆ, ಜೊತೆಗೆ ಜಿಂಕ್ ಕಮ್ಮಿ ಇದೆ. ಕೈಪಂಪಿನ ಮುಂದೆ ಮೈಕ್ ಹಿಡಿದು ನಿಂತವರು ಯಾರೂ ಮನೆಯೊಳಗಿನ ಹಿಟ್ಟಿನ ಡಬ್ಬ ತೆಗೆದು ನೋಡಿರಲಿಲ್ಲ. ಆ ಜನರ ಸಂಕಟ ಇನ್ನೂ ದೊಡ್ಡದು. ಮುಟ್ಟಿದರೆ ಅಂಟುತ್ತೆ ಅಂತ ಹೆದರಿ ಅವರನ್ನ ದೂರ ಇಟ್ಟ ವರದಿಗಳೂ ಬಂದವು.

ಬುಲ್ಢಾಣಾ ಅಪರೂಪದ ಕಥೆ. ನಿಮ್ಮ ಮನೆಯ ಹುಡುಗನ ಕಥೆ ಹಳೆಯದು. 1942ರಲ್ಲೇ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಅನ್ನೋ ವಿಜ್ಞಾನಿ ತೋರಿಸಿಕೊಟ್ಟಿದ್ದರು. ಪ್ರೌಢರಾಗುವ ಮೊದಲೇ ವೃಷಣ ಕಳೆದುಕೊಂಡ ಗಂಡಸರಿಗೆ ಬಕ್ಕತಲೆ ಬರ್ತಿರಲಿಲ್ಲ. ಅವರಿಗೆ ಗಂಡು ಹಾರ್ಮೋನ್ ಕೊಟ್ಟಾಗ, ಮನೆತನದಲ್ಲಿ ಬಕ್ಕತಲೆ ಇದ್ದವರಿಗೆ ಮಾತ್ರ ಕೂದಲು ಹೋಗೋಕೆ ಶುರುವಾಯ್ತು. ಹಾರ್ಮೋನ್ ಬೇಕು, ವಂಶದ ಗುಣವೂ ಬೇಕು. ಟೆಸ್ಟೋಸ್ಟಿರಾನ್ ದೇಹದಲ್ಲಿ ಡಿಎಚ್‌ಟಿ ಅನ್ನೋ ರೂಪಕ್ಕೆ ಬದಲಾಗುತ್ತೆ. ಹಣೆ, ನೆತ್ತಿಯ ಕೂದಲ ಬೇರುಗಳಿಗೆ ಅದನ್ನ ಕಂಡರೆ ಆಗಲ್ಲ. ಪ್ರತಿ ಸುತ್ತಿನಲ್ಲೂ ಬೇರು ಸಣ್ಣದಾಗ್ತಾ ಹೋಗುತ್ತೆ, ಕೂದಲು ತೆಳ್ಳಗಾಗಿ ಕೊನೆಗೆ ನವಿರು ರೋಮ ಉಳಿಯುತ್ತೆ. ಇದು ಅಮ್ಮನ ಕಡೆಯಿಂದ ಮಾತ್ರ ಬರೋದಲ್ಲ, ಎರಡೂ ಕಡೆಯಿಂದ ಬರಬಹುದು, ಆದ್ದರಿಂದ ಸೋದರಮಾವನ ಫೋಟೋ ಜೊತೆ ಚಿಕ್ಕಪ್ಪನ ಫೋಟೋನೂ ನೋಡಿ. ಜಿಮ್‌ನಲ್ಲಿ ಯಾರೋ ಕೊಟ್ಟ ಸ್ಟೆರಾಯ್ಡ್ ಚುಚ್ಚಿಸಿಕೊಂಡರೆ ಈ ಕೆಲಸಕ್ಕೆ ವೇಗ ಸಿಗುತ್ತೆ. ಹೆಲ್ಮೆಟ್‌ನಿಂದ ಬರಲ್ಲ, ದಯವಿಟ್ಟು ಹಾಕ್ಕೊಳ್ಳಿ. ಇನ್ನು ಬೋಳಿಸಿದರೆ ದಟ್ಟವಾಗಿ ಬರುತ್ತೆ ಅಂತಾರಲ್ಲ, ಮುಡಿ ಕೊಡೋದು ಹರಕೆಗೆ, ಚಿಕಿತ್ಸೆಗಲ್ಲ.

ಇದು ಒಂದು ಬಗೆ. ಎರಡನೇ ಬಗೆಯೇ ನಾನು ಇವತ್ತು ಇಲ್ಲಿ ಕೂತು ಇದನ್ನೆಲ್ಲ ಹೇಳೋಕೆ ಕಾರಣ.

ನನ್ನ ಚಿಕ್ಕಪ್ಪನ ಮಗಳು. 24 ವರ್ಷ. ಬೆಂಗಳೂರಿನ ಪಿಜಿಯಲ್ಲಿದ್ದಳು. ಬಾಚಣಿಗೆ ಇಟ್ಟರೆ ಮುಷ್ಟಿ ಕೂದಲು. ಫೋನ್ ಮಾಡಿದಾಗ ನಾನೇ, ದೊಡ್ಡ ಪಂಡಿತನ ಹಾಗೆ, "ಪಿಜಿ ನೀರು ಕಣೇ, ಫಿಲ್ಟರ್ ಹಾಕಿಸ್ಕೋ" ಅಂದೆ. ಹಾಕಿಸಿಕೊಂಡಳು. ಆಮೇಲೆ ಈರುಳ್ಳಿ ಎಣ್ಣೆ, ಆಮೇಲೆ ಬಯೋಟಿನ್ ಗಮ್ಮಿ. ಎಂಟು ತಿಂಗಳು. ಮೆಟ್ಟಿಲು ಹತ್ತಿದರೆ ಏದುಸಿರು ಬರ್ತಿದೆ ಅಂತಾನೂ ಹೇಳಿದ್ದಳು. ನೈಟ್ ಶಿಫ್ಟು, ನಿದ್ದೆ ಇಲ್ಲ, ಅದಕ್ಕೇ ಅಂದೆ. ಒಂದು ದಿನ ಆಫೀಸಿನಲ್ಲಿ ತಲೆಸುತ್ತಿ ಬಿದ್ದಳು. ಹಿಮೋಗ್ಲೋಬಿನ್ 7.4. ವರ್ಷಗಟ್ಟಲೆ ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗ್ತಿತ್ತು, ಬೆಳಗ್ಗೆ ತಿಂಡಿ ಬಿಟ್ಟು ಬರೀ ಕಾಫಿ. ದೇಹದಲ್ಲಿ ಕಬ್ಬಿಣ ಖಾಲಿ ಆಗ್ತಾ ಬಂದಾಗ ದೇಹ ಮೊದಲು ಹೃದಯ, ಮಿದುಳು ನೋಡುತ್ತೆ, ಕೂದಲಿಗೆ ಕರೆಂಟ್ ಕಟ್ ಮಾಡುತ್ತೆ. ಎಂಟು ತಿಂಗಳು ಅವಳ ತಲೆ ಎಚ್ಚರಿಕೆ ಕೊಡ್ತಾನೇ ಇತ್ತು. ಆ ಎಚ್ಚರಿಕೆಯನ್ನ ನಾನು ಶವರ್ ಫಿಲ್ಟರ್ ಹಾಕಿ ಮುಚ್ಚಿಸಿದ್ದೆ.

ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ ಇದೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತೆ. ಈ ಸಂಖ್ಯೆಯನ್ನ ನಾನೇ ಇದೇ ಕುರ್ಚಿಯಲ್ಲಿ ಕೂತು ಓದಿದ್ದೆ. ಗ್ರಾಫಿಕ್ಸ್ ಚೆನ್ನಾಗಿ ಮಾಡಿದ್ರು.

ವೈದ್ಯರು ನನಗೆ ಬಿಡಿಸಿ ಹೇಳಿದ್ದು ಇಷ್ಟು. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು. ದಿನಕ್ಕೆ 50ರಿಂದ 100 ಹೋಗೋದು ಮಾಮೂಲು. ಹತ್ತರಲ್ಲಿ ಒಂಬತ್ತರಷ್ಟು ಬೆಳೀತಾ ಇರ್ತಾವೆ, ಉಳಿದದ್ದು ರಜೆಯಲ್ಲಿರುತ್ತೆ. ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ ತುಂಬಾ ಕೂದಲು ಒಟ್ಟಿಗೆ ರಜೆ ಹಾಕಿ ಹೋಗುತ್ತೆ, ಎರಡು ಮೂರು ತಿಂಗಳ ಮೇಲೆ ಒಟ್ಟಿಗೇ ಉದುರುತ್ತೆ. 1961ರಲ್ಲಿ ಆಲ್ಬರ್ಟ್ ಕ್ಲಿಗ್ಮನ್ ಅನ್ನೋ ಚರ್ಮವೈದ್ಯರು ಇದಕ್ಕೆ ಟೆಲೋಜೆನ್ ಎಫ್ಲುವಿಯಂ ಅಂತ ಹೆಸರಿಟ್ಟರು. ಹೆಸರು ಮರೆತರೂ ಪರವಾಗಿಲ್ಲ, ಆ ಮೂರು ತಿಂಗಳನ್ನ ನೆನಪಿಡಿ. ಇವತ್ತು ಉದುರ್ತಿದ್ದರೆ ಇವತ್ತಿನ ಶಾಂಪೂ ಮೇಲೆ ಅನುಮಾನ ಬೇಡ, ಕ್ಯಾಲೆಂಡರ್ ಹಿಂದಕ್ಕೆ ತಿರುಗಿಸಿ. ಡೆಂಗ್ಯೂ ಬಂದಿತ್ತಾ? ಟೈಫಾಯ್ಡ್? ಹೆರಿಗೆ? ಆಪರೇಷನ್? ಮದುವೆಗೆ ಅಂತ ಒಂದೇ ತಿಂಗಳಲ್ಲಿ ಎಂಟು ಕೆಜಿ ಇಳಿಸಿದ್ರಾ? ಕೆಲಸ ಹೋಗಿತ್ತಾ? ಕೋವಿಡ್ ಆದ ಮೇಲೆ ಎಷ್ಟೋ ಮನೆಯ ಬಚ್ಚಲು ಜಾಲರಿ ಕಟ್ಟಿಕೊಂಡದ್ದು ಇದೇ ಕಾರಣಕ್ಕೆ. ಪೆಟ್ಟಿನ ಕಾರಣ ಹೋದರೆ ಈ ಕೂದಲು ಬಹುಪಾಲು ವಾಪಸ್ ಬರುತ್ತೆ. ಥೈರಾಯ್ಡ್, ಹೆಣ್ಣುಮಕ್ಕಳಲ್ಲಿ ಪಿಸಿಒಎಸ್, ಇವನ್ನೂ ನೋಡಿಸಬೇಕು. ಆ ಬಯೋಟಿನ್ ಗಮ್ಮಿ ಇದೆಯಲ್ಲ, ಜಾಸ್ತಿ ತಿಂದಿದ್ದರೆ ಥೈರಾಯ್ಡ್ ರಕ್ತಪರೀಕ್ಷೆಯ ಫಲಿತಾಂಶವೇ ತಪ್ಪು ಬರಬಹುದು, ಆದ್ದರಿಂದ ತಿಂತಿದ್ದೀನಿ ಅಂತ ಡಾಕ್ಟರ್‌ಗೆ ಮೊದಲೇ ಹೇಳಿ. ಇನ್ನು ನಾಣ್ಯದಷ್ಟು ಅಗಲಕ್ಕೆ ದುಂಡಗೆ ಕೂದಲು ಹೋದರೆ ಹುಳ ತಿಂದಿದೆ ಅಂತಾರೆ. ಹುಳ ಯಾವುದೂ ಇಲ್ಲ, ದೇಹದ ರಕ್ಷಣಾ ಪಡೆಯೇ ದಾರಿ ತಪ್ಪಿ ಬೇರಿನ ಮೇಲೆ ಬಿದ್ದಿರುತ್ತೆ.

ಈಗ ನಮ್ಮ ಅಂಗಡಿ ವಿಷಯ. ಔಷಧ ನಿಯಮಗಳಲ್ಲಿ ಶೆಡ್ಯೂಲ್ ಜೆ ಅಂತ ಒಂದು ಪಟ್ಟಿ ಇದೆ. ಔಷಧವೊಂದು ಗುಣಪಡಿಸುತ್ತೆ ಅಂತ ಹೇಳಿಕೊಳ್ಳಬಾರದ ಕಾಯಿಲೆಗಳು. ಅದರಲ್ಲಿ ಬಕ್ಕತಲೆ ಇದೆ, ಹೊಸ ಕೂದಲು ಬೆಳೆಸೋದೂ ಇದೆ. ಈಗ ನೀವು ರಾತ್ರಿ ಹನ್ನೊಂದರ ನಂತರ ಯಾವ ಚಾನೆಲ್ ಬೇಕಾದರೂ ಹಾಕಿ ನೋಡಿ. ಎಣ್ಣೆ ಹಚ್ಚಬೇಡಿ ಅಂತ ನಾನು ಹೇಳಲ್ಲ. ಹುಣಸೂರು ಕಡೆಯ ಹಕ್ಕಿಪಿಕ್ಕಿ ಜನರ ಎಣ್ಣೆ ಮೊಬೈಲ್ ರೀಲುಗಳಲ್ಲಿ ದೇಶ ಸುತ್ತಿತು, ಅವರ ಮನೆಗಳಿಗೆ ನಾಲ್ಕು ಕಾಸು ಬಂದಿದ್ದರೆ ಸಂತೋಷ. ಎಣ್ಣೆ ಎಳೆಯನ್ನ ಮೃದು ಮಾಡುತ್ತೆ, ಮುರಿಯೋದನ್ನ ಕಮ್ಮಿ ಮಾಡುತ್ತೆ. ಡಿಎಚ್‌ಟಿ ಜೊತೆ ಜಗಳ ಮಾಡೋ ಶಕ್ತಿ ಅದಕ್ಕಿಲ್ಲ. ಆ ಕೆಲಸಕ್ಕೆ ಇರೋದು ಫಿನಾಸ್ಟರೈಡ್. ಮಿನಾಕ್ಸಿಡಿಲ್ ಬೇರೆ ದಾರಿ, ಅದು ರಕ್ತದೊತ್ತಡದ ಮಾತ್ರೆಯಾಗಿ ಹುಟ್ಟಿ ಆಮೇಲೆ ತಲೆಗೆ ಹಚ್ಚೋ ಔಷಧ ಆದದ್ದು. ಎರಡಕ್ಕೂ ಅಡ್ಡಪರಿಣಾಮ ಇದೆ, ಗರ್ಭಿಣಿಯರು ಫಿನಾಸ್ಟರೈಡ್ ಮುಟ್ಟಲೇಬಾರದು, ಡಾಕ್ಟರ್ ಇಲ್ಲದೆ ಶುರು ಮಾಡಬೇಡಿ. ಮಿನಾಕ್ಸಿಡಿಲ್ ಹಚ್ಚಿದ ಮೊದಲ ವಾರಗಳಲ್ಲಿ ಉದುರೋದು ಜಾಸ್ತಿ ಆಗಬಹುದು. ಬಹಳ ಜನ ಅಲ್ಲೇ ಹೆದರಿ ಬಾಟಲಿ ಬಿಸಾಕ್ತಾರೆ. ಇವು ಕೆಲಸ ಮಾಡೋದು ಇನ್ನೂ ಜೀವ ಇರೋ ಬೇರಿನ ಮೇಲೆ. ನೀರಿನ ಮೇಲೆ ಕೇಸು ಹಾಕಿ ಕಳೆದ ನನ್ನ ಮೂರು ವರ್ಷದ ಬೆಲೆ ಅದು. ಕಸಿ ಮಾಡಿಸೋರು ಕತ್ತರಿ ಹಿಡಿಯೋದು ಯಾರು ಅಂತ ಮೊದಲು ಕೇಳಿ. ತರಬೇತಿ ಇಲ್ಲದವರು ಮಾಡಬಾರದು ಅಂತ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಬೇಕಾಗಿ ಬಂತು.

2017ರಲ್ಲಿ ರಾಜ್ ಬಿ. ಶೆಟ್ಟಿ 'ಒಂದು ಮೊಟ್ಟೆಯ ಕಥೆ' ಮಾಡಿದಾಗ ಥಿಯೇಟರ್‌ನಲ್ಲಿ ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ, ಯಾರೂ ನನ್ನ ತಲೆ ನೋಡದಿರಲಿ ಅಂತ. ಹೆಣ್ಣು ನೋಡೋಕೆ ಹೋದಾಗ ಟೋಪಿ ತೆಗೆಯದ ಹುಡುಗರಿದ್ದಾರೆ. ಫೋಟೋದಲ್ಲಿ ಹಣೆ ಕತ್ತರಿಸಿ ಕಳಿಸೋರಿದ್ದಾರೆ. ಅವರನ್ನ ಆಡಿಕೊಳ್ಳೋ ಯೋಗ್ಯತೆ ನನಗಿಲ್ಲ. ನೀವು ದಿನಾ ಟೀವಿಯಲ್ಲಿ ನೋಡೋ ನನ್ನ ನೆತ್ತಿಯಲ್ಲಿ ಅರ್ಧ ಕೂದಲು, ಅರ್ಧ ಕಪ್ಪು ಪುಡಿ. ಮೇಲಿನ ಲೈಟ್ ಬಿದ್ದರೆ ಹೊಳೆಯುತ್ತೆ ಅಂತ ಮೇಕಪ್ ಹುಡುಗ ಆರು ವರ್ಷದಿಂದ ಉದುರಿಸ್ತಿದ್ದಾನೆ.

ತಂಗಿ ಈಗ ಚೆನ್ನಾಗಿದ್ದಾಳೆ. ಕಬ್ಬಿಣದ ಚಿಕಿತ್ಸೆ, ಸ್ತ್ರೀರೋಗ ತಜ್ಞರ ಹತ್ತಿರ ಚಿಕಿತ್ಸೆ, ಬೆಳಗ್ಗೆ ತಿಂಡಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತೆ. ಹೋದ ಭಾನುವಾರ ಬಂದಿದ್ದಳು, ಬೈತಲೆ ಅಕ್ಕಪಕ್ಕ ಮೂರು ಬೆರಳು ಅಗಲದ ಗಿಡ್ಡ ಕೂದಲು ಬ್ರಷ್ ಹಾಗೆ ಎದ್ದು ನಿಂತಿದೆ. ಪಿಜಿ ಬದಲಾಯಿಸಿಲ್ಲ. ಅದೇ ನೀರು.

ಈಗ ಒಂದು ಬ್ರೇಕ್. ಬ್ರೇಕ್‌ನಲ್ಲಿ ಏನು ಬರುತ್ತೆ ಅಂತ ನಿಮಗೂ ಗೊತ್ತು.