ಬಿಸಿಲಿನ ಫಸಲಿಗೂ ಲೆಕ್ಕ ಬೇಕು
(ಉಪನ್ಯಾಸದ ಪಠ್ಯ)



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಮಳೆಯ ಕೊರತೆಯನ್ನೂ ಬಿಸಿಲಿನ ಸಮೃದ್ಧಿಯನ್ನೂ ಒಟ್ಟಿಗೆ ಕಂಡ ನಾಡು. ಇಲ್ಲಿನ ರೈತನು ಮಳೆಯನ್ನು ಹದದ ಲೆಕ್ಕದಲ್ಲಿಯೂ ಜೋಳವನ್ನು ಚೀಲದ ಲೆಕ್ಕದಲ್ಲಿಯೂ ಅಳೆಯುತ್ತಾನೆ. ಮಾಳಿಗೆಯ ಮೇಲೆ ಬೆಳೆಯುವ ವಿದ್ಯುತ್ತಿಗೆ ಮಾತ್ರ ಲೆಕ್ಕವಿಲ್ಲ.

2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್ ಸೌರಘಟಕಕ್ಕೆ 60,000 ರೂಪಾಯಿ ಸಹಾಯಧನ ನಿಗದಿಯಾಯಿತು. ಉಳಿದ ವೆಚ್ಚ ಕುಟುಂಬದ್ದು, ಅನೇಕ ವೇಳೆ ಸಾಲದ್ದು. ಆ ಹಣ ಫಲ ಕೊಡುತ್ತಿದೆಯೇ ಎಂಬುದನ್ನು ತಿಂಗಳ ಬಿಲ್ಲೊಂದೇ ಹೇಳಲಾರದು.

ಇಂಥ ಮನೆಯಲ್ಲಿ ನೋಡಬೇಕಾದ ಅಂಕಿಗಳು ಮೂರು. ಇನ್ವರ್ಟರಿನ ಪರದೆ ಉತ್ಪಾದನೆಯನ್ನು ತೋರಿಸುತ್ತದೆ. ನೆಟ್ ಮೀಟರು ತಂತಿಯಿಂದ ಮನೆಗೆ ಬಂದದ್ದನ್ನೂ ಮನೆಯಿಂದ ತಂತಿಗೆ ಹೋದದ್ದನ್ನೂ ಬೇರೆ ಬೇರೆಯಾಗಿ ದಾಖಲಿಸುತ್ತದೆ. ತಿಂಗಳಲ್ಲಿ 240 ಯೂನಿಟ್ ಉತ್ಪಾದನೆಯಾಗಿ, 150 ಹೊರಗೆ ಹೋಗಿ, 60 ಒಳಗೆ ಬಂದಿದ್ದರೆ, ಮನೆಯ ಬಳಕೆ 60 ಅಲ್ಲ. 240ರಲ್ಲಿ 150 ಕಳೆದು 60 ಕೂಡಿಸಿದ 150 ಯೂನಿಟ್. ಈ ಕೂಡು-ಕಳೆ ತಿಳಿಯದ ಮನೆ ತನ್ನ ಬಳಕೆಯನ್ನು ಅರ್ಧಕ್ಕಿಂತ ಕಡಿಮೆಯೆಂದು ಭ್ರಮಿಸುತ್ತದೆ.

ಒಂದು ಕಿಲೋವ್ಯಾಟ್ ಫಲಕದಿಂದ ದಿನಕ್ಕೆ ಸರಾಸರಿ 4 ಯೂನಿಟ್ ನಿರೀಕ್ಷಿಸಬಹುದು. ಉತ್ಪಾದನೆ ಕುಸಿದರೆ ಕಾರಣವನ್ನು ದಿನದಿನದ ದಾಖಲೆಯೇ ಹೇಳುತ್ತದೆ. ಮೋಡವಾದರೆ ನೆರೆಮನೆಯಲ್ಲಿಯೂ ಇಳಿಯುತ್ತದೆ. ಧೂಳಾದರೆ ದಿನೇ ದಿನೇ ಇಳಿದು, ತೊಳೆದ ಮರುದಿನ ಏರುತ್ತದೆ. ಮೂರನೆಯ ಕಾರಣ ವಿದ್ಯುತ್ ಕಡಿತ. ತಂತಿ ದುರಸ್ತಿ ಮಾಡುವವರಿಗೆ ಆಘಾತವಾಗಬಾರದೆಂದು, ಬ್ಯಾಟರಿಯಿಲ್ಲದ ಸಾಮಾನ್ಯ ಘಟಕವು ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಸುಡುಬಿಸಿಲಿನಲ್ಲಿಯೂ ಆ ಹೊತ್ತಿನ ಫಸಲು ಶೂನ್ಯ. ಕಡಿತದ ವೇಳೆಯನ್ನು ಬರೆದಿಟ್ಟ ಹಳ್ಳಿಯ ದೂರಿಗೆ ಆಧಾರವಿರುತ್ತದೆ. ಬರೆಯದವರದು ಬರಿಯ ಗೊಣಗಾಟವಾಗುತ್ತದೆ.

ಮೊಬೈಲಿನಲ್ಲಿ ಈ ಅಂಕಿಗಳನ್ನು ತೋರಿಸುವ ಸಾಧನಗಳು ಬಂದಿವೆ. ಗುಡ್ಡದ ಮರೆಯಲ್ಲಿ ಸಿಗ್ನಲ್ ಸಿಗದ ಊರಿನಲ್ಲಿ ಇನ್ವರ್ಟರಿನ ಪರದೆ, ಒಂದು ನೋಟ್‌ಬುಕ್ಕು, ಶಾಲೆಗೆ ಹೋಗುವ ಒಂದು ಮಗು ಇದ್ದರೆ ಸಾಕು.

ಫಲಕವಿಲ್ಲದ ಮನೆಗೂ ಉಪಾಯವುಂಟು. ಎಲೆಕ್ಟ್ರಾನಿಕ್ ಮೀಟರಿನ ಕೆಂಪು ದೀಪ ಎಷ್ಟು ಬಾರಿ ಮಿಣುಕಿದರೆ ಒಂದು ಯೂನಿಟ್ ಎಂಬುದು ಮೀಟರಿನ ಮೇಲೆಯೇ ಅಚ್ಚಾಗಿರುತ್ತದೆ. ಅದು 3200 ಆಗಿದ್ದು, 6 ನಿಮಿಷದಲ್ಲಿ 32 ಬಾರಿ ಮಿಣುಕಿದರೆ, ಮನೆ 100 ವ್ಯಾಟ್ ಬಳಸುತ್ತಿದೆ. ಒಂದೊಂದೇ ಸ್ವಿಚ್ಚು ಆರಿಸಿ ಎಣಿಸಿದರೆ ಹೆಚ್ಚು ನುಂಗುವ ಉಪಕರಣ ಸಿಕ್ಕಿಬೀಳುತ್ತದೆ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಉತ್ತಮ ಪ್ರಯೋಗಶಾಲೆ ಬೇಕಿಲ್ಲ.

ಹರಪನಹಳ್ಳಿ, ಹಡಗಲಿ ಕಡೆಯ ಗುಡ್ಡಗಳ ಗಾಳಿಯಂತ್ರಗಳ ಪ್ರತಿ ಯೂನಿಟ್ಟಿಗೂ ಲೆಕ್ಕವಿಡುವವರಿದ್ದಾರೆ. ಆ ಗುಡ್ಡದ ಕೆಳಗಿನ ಮನೆಗಳೂ ತಮ್ಮ ಲೆಕ್ಕವನ್ನು ತಾವೇ ಇಡಬೇಕು. ಅಳೆಯದ ಫಸಲು ಯಾರ ಕಣಜ ಸೇರಿತೆಂದು ಬೆಳೆದವನಿಗೇ ತಿಳಿಯುವುದಿಲ್ಲ.